ಒಸಡಿನ ಕಸಿ

ಒಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣುವುದನ್ನು ಮುಪ್ಪಿನ ಲಕ್ಷಣವೆಂದೇ ಜನರು ಭಾವಿಸುವುದುಂಟು. ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂತಹ ಊರುಗಳಲ್ಲಿಯೂ ಈ ಭಾವನೆಯಿಂದ ಉಪಾಯವಿರುವ ಹಲ್ಲನ್ನು ಕೈಬಿಡುವ ಸಂಭವವಿರುವುದರಿಂದ, ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಿದೆ.

ಹಲ್ಲಿನ ಬುಡದಲ್ಲಿ ಕಟ್ಟುವ ಕಿಟ್ಟ, ಇದ್ದಿಲು ಇಟ್ಟಿಗೆಪುಡಿಗಳಿಂದ ಬಲವಾಗಿ ಉಜ್ಜುವಿಕೆ, ದವಡೆಯಲ್ಲಿಟ್ಟ ಹೊಗೆಸೊಪ್ಪು, ಸಹಜವಾಗಿಯೇ ತೆಳುವಾದ ಒಸಡು, ಇವು ಮುಖ್ಯ ಕಾರಣಗಳು. ಬೇರಿಗೆ ಎನಾಮಲಿನ ಕವಚವಿಲ್ಲ. ಅದರ ತೆಳುಪೊರೆ ಸವೆದೊಡನೆ ತಣ್ಣೀರು ಸೋಕಿದರೂ ಹಲ್ಲು ಜುಮ್ಮೆನ್ನುವುದು.

ಇದಕ್ಕೆ ಸಿಮೆಂಟು ತುಂಬಿಸುವುದು ರೂಢಿ. ಸಿಮೆಂಟು ಕುಳಿಯನ್ನು ಮುಚ್ಚುವುದೇ ಹೊರತು ಒಸಡನ್ನು ಮರಳಿ ತರಲಾರದು. ಬೇರಿನ ಮೇಲೆ ಅದರ ಹಿಡಿತವೂ ಎನಾಮಲಿನ ಮೇಲಿರುವಷ್ಟು ದೃಢವಲ್ಲ.

ದೇಹದ ಒಂದೆಡೆಯ ಅಂಗಾಂಶದಿಂದ ಮತ್ತೊಂದೆಡೆಯ ಕೊರತೆಯನ್ನು ತುಂಬುವ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲ. ಕೆನ್ನೆಯ ಚರ್ಮದಿಂದ ಕಿವಿಯ ಹಾಲೆಯನ್ನು ರಚಿಸುವ ಕ್ರಮವನ್ನು ಸುಶ್ರುತಸಂಹಿತೆ ಹೇಳುತ್ತದೆ. 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್‌ಜಿಯೆಂಬ ಎತ್ತಿನಬಂಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಮೂಗು ಮಾಡಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಸಡಿನ ಕಸಿ 1960ರ ದಶಕದಲ್ಲಿ ರೂಪುಗೊಂಡು, 1985ರಲ್ಲಿ ಲ್ಯಾಂಗರ್ ದ್ವಯರು ವರ್ಣಿಸಿದ ಕ್ರಮದಿಂದ ಪ್ರಚಾರಕ್ಕೆ ಬಂದಿತು.

ಅಂಗುಳಿನ ಒಳಪದರದಿಂದ ಸುಮಾರು 1ರಿಂದ 2 ಮಿಲಿಮೀಟರು ದಪ್ಪದ ತುಣುಕನ್ನು ತೆಗೆದು, ಬೇರಿನ ಮೇಲಿಟ್ಟು, ಸಡಿಲಿಸಿದ ಒಸಡನ್ನು ಅದರ ಮೇಲೆಳೆದು ಹೊಲಿಯುವರು. ಬರಿಯ ಬೇರಿನಲ್ಲಿ ರಕ್ತವಿಲ್ಲ. ಆದುದರಿಂದ ಮಾವಿನ ಕಸಿಗೆ ಬೇರುಗಿಡದ ರಸವು ಹೇಗೋ, ಹಾಗೆ ಇದಕ್ಕೆ ಸುತ್ತಲಿನ ಹಾಗೂ ಮೇಲಿನ ಒಸಡಿನ ರಕ್ತವೇ ಆಧಾರ. ಧೂಮಪಾನವು ಈ ರಕ್ತಸಂಚಾರವನ್ನು ಕುಗ್ಗಿಸಿ ಫಲವನ್ನು ಕೆಡಿಸುವುದು.

ಎಲ್ಲರಿಗೂ ಇದು ಸಲ್ಲದು. ಹಲ್ಲುಗಳ ನಡುವಣ ಮೂಳೆಯೂ ಒಸಡೂ ಉಳಿದಿದ್ದರೆ ಬೇರು ಪೂರ್ಣವಾಗಿ ಮುಚ್ಚೀತು. ಅವು ಬಹಳವಾಗಿ ನಷ್ಟವಾಗಿದ್ದರೆ ಆ ನಿರೀಕ್ಷೆ ಸಲ್ಲದೆಂದು ಮಿಲ್ಲರನು 1985ರಲ್ಲಿ ವಿಂಗಡಿಸಿ ತೋರಿಸಿದನು. ಬೇರಿನಲ್ಲಿ ಆಳವಾದ ಕುಳಿ ಬಿದ್ದಿದ್ದರೆ ಸಿಮೆಂಟು, ಕಸಿ ಎರಡೂ ಬೇಕಾಗಬಹುದು.

ಮೈಸೂರು, ಬೆಂಗಳೂರುಗಳ ದಂತವೈದ್ಯ ಕಾಲೇಜುಗಳಲ್ಲಿ ಒಸಡಿನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗಗಳುಂಟು. ಸಿಮೆಂಟು ಪದೇ ಪದೇ ಬಿದ್ದುಹೋಗುತ್ತಿದ್ದರೆ, ಹಲ್ಲನ್ನು ಕೀಳಿಸುವ ಮೊದಲು ಕಸಿ ಸಾಧ್ಯವೇ ಎಂದು ಅಲ್ಲಿ ವಿಚಾರಿಸುವುದು ಯುಕ್ತ. ಉಜ್ಜುವ ಕ್ರಮವನ್ನು ತಿದ್ದಿಕೊಳ್ಳದಿದ್ದರೆ ಕಸಿಮಾಡಿದ ಒಸಡೂ ಸರಿಯುವುದೆಂಬುದನ್ನು ಮರೆಯಲಾಗದು.