ಸೊನ್ನೆ ದುಂಡಗೆ ಬರಬೇಕು: ಮನೆಯಲ್ಲಿ ಕಟ್ಟುವ ಲೇಸರ್ ಕಟರ್‌ಗೆ ಯಾವ ಚಾಲನೆ?

ಬೈಲಹೊಂಗಲದಂಥ ಊರಿನಲ್ಲಿ ಲೇಸರ್ ಕಟರ್ ಕಟ್ಟಲು ಹೊರಟವರಿಗೆ ಅದರಿಂದ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಮನೆ ಬಾಗಿಲಿಗೆ ನಾಮಫಲಕ, ಶಾಲೆಯ ಸ್ಪರ್ಧೆಗೆ ಬಹುಮಾನದ ಫಲಕ, ಮದುವೆ ಮಂಟಪಕ್ಕೆ ಪ್ಲೈವುಡ್ಡಿನಲ್ಲಿ ಕತ್ತರಿಸಿದ ವಧೂವರರ ಹೆಸರು, ಅಕ್ಟೋಬರ್ 23 ಬಂತೆಂದರೆ ಕಿತ್ತೂರು ಉತ್ಸವಕ್ಕೆ ಚೆನ್ನಮ್ಮನ ಚಿತ್ರವಿರುವ ನೆನಪಿನ ಕಾಣಿಕೆ. ಇವೆಲ್ಲದರಲ್ಲೂ ಇರುವುದು ಕನ್ನಡ ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅರ್ಧಕ್ಕರ್ಧ ನೇರ ಗೆರೆಗಳೇ ಇರುತ್ತವೆ. ಕನ್ನಡದಲ್ಲಿ ಎಲ್ಲವೂ ಬಾಗು, ಸುಳಿ, ಒತ್ತು. ಒಂದು ‘ತ್ತೂ’ ಬರೆಯುವಷ್ಟರಲ್ಲಿ ಯಂತ್ರದ ಎರಡೂ ಮೋಟಾರುಗಳು ಹತ್ತಾರು ಸಲ ದಿಕ್ಕು ಬದಲಿಸಬೇಕಾಗುತ್ತದೆ. ಚಲನೆಯಲ್ಲಿ ಸಣ್ಣ ಸಡಿಲಿದ್ದರೂ ಅದು ಮೊದಲು ಕಾಣಿಸುವುದು ನಮ್ಮ ಅಕ್ಷರಗಳಲ್ಲೇ. ಆದ್ದರಿಂದ ಲೇಸರ್ ಎಷ್ಟು ವ್ಯಾಟ್‌ನದು ಎಂದು ಕೇಳುವ ಮುಂಚೆ, ಅದನ್ನು ಓಡಿಸುವ ವ್ಯವಸ್ಥೆ ಯಾವುದು ಎಂದು ಕೇಳಿಕೊಳ್ಳಬೇಕು.

ಲೇಸರ್ ತಳ್ಳುವುದಿಲ್ಲ

ಲೇಥ್, ವೆಲ್ಡಿಂಗ್ ಕೆಲಸ ಬಲ್ಲವರ ಕೈ ಸಹಜವಾಗಿ ದಪ್ಪ ಸ್ಕ್ರೂ, ಭಾರದ ಮೋಟಾರಿನ ಕಡೆ ಹೋಗುತ್ತದೆ. ಲೇಥಿನಲ್ಲಿ ಟೂಲು ಕಬ್ಬಿಣವನ್ನು ಒತ್ತುತ್ತದೆ, ಕಬ್ಬಿಣ ಅಷ್ಟೇ ಬಲದಿಂದ ತಿರುಗಿ ಒತ್ತುತ್ತದೆ. ಮರ ಕೊರೆಯುವ ರೂಟರಿನದೂ ಇದೇ ಕತೆ. ಅಲ್ಲಿ ಗಟ್ಟಿತನವೇ ಮುಖ್ಯ. ಲೇಸರ್ ಮಾತ್ರ ಯಾವುದನ್ನೂ ಮುಟ್ಟದೆ ಸುಡುತ್ತದೆ. ಯಂತ್ರಕ್ಕೆ ಇರುವ ಹೊರೆಯೆಂದರೆ ತನ್ನದೇ ತಲೆಯ ತೂಕ. ಅದನ್ನು ಓಡಿಸಬೇಕು, ನಿಲ್ಲಿಸಬೇಕು, ತಿರುಗಿಸಬೇಕು, ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಡಯೋಡ್ ಲೇಸರಿನ ತಲೆ 300 ಗ್ರಾಂ ಎಂದುಕೊಳ್ಳಿ. ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 3000 ಮಿ.ಮೀ. ಇದ್ದರೆ ಬೇಕಾಗುವ ಬಲ 0.9 ನ್ಯೂಟನ್. ಎರಡು ನಿಂಬೆಹಣ್ಣು ಎತ್ತಲು ಬೇಕಾಗುವಷ್ಟೇ ಬಲ ಅದು. 20 ಹಲ್ಲಿನ ಪುಲ್ಲಿಯಲ್ಲಿ ಅದಕ್ಕೆ ಬೇಕಾದ ತಿರುಚುಬಲ 0.006 ನ್ಯೂಟನ್ ಮೀಟರ್. ಸಾಮಾನ್ಯ ನೆಮಾ 17 ಸ್ಟೆಪ್ಪರ್ ಮೋಟಾರ್ ನಿಂತಲ್ಲಿ 0.4 ನ್ಯೂಟನ್ ಮೀಟರಿನಷ್ಟು ಹಿಡಿಯುತ್ತದೆ. ವೇಗ ಏರಿದಂತೆ ಅದರ ಬಲ ಕುಗ್ಗುತ್ತದೆ ನಿಜ; ಆದರೂ ಈ ಕೆಲಸಕ್ಕೆ ಮಿಕ್ಕು ಉಳಿಯುತ್ತದೆ.

ರಾಮದುರ್ಗದ ಕಡೆ ಮಗ್ಗ ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಮಗ್ಗದ ಚೌಕಟ್ಟು ನೆಲ ಹಿಡಿದು ಕೂತಿರುತ್ತದೆ, ಲಾಳಿ ಹಗುರವಾಗಿ ಅತ್ತಿಂದಿತ್ತ ಹಾರುತ್ತದೆ. ಲೇಸರ್ ಕಟರ್‌ನದೂ ಅದೇ ನಿಯಮ: ಚೌಕಟ್ಟು ಅಲುಗಬಾರದು, ಓಡುವ ಭಾಗ ಹಗುರವಿರಬೇಕು.

ಸ್ಕ್ರೂನೋ, ಬೆಲ್ಟೋ?

ಪೇಟೆಯಲ್ಲಿ ಸುಲಭವಾಗಿ ಸಿಗುವ ಟಿ8 ಲೀಡ್ ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಮುಂದೊಯ್ಯುತ್ತದೆ. ಮೋಟಾರ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ವೇಗ ಸೆಕೆಂಡಿಗೆ 80 ಮಿ.ಮೀ. ಜಿಟಿ2 ಬೆಲ್ಟಿನ ಹಲ್ಲುಗಳ ಅಂತರ 2 ಮಿ.ಮೀ.; 20 ಹಲ್ಲಿನ ಪುಲ್ಲಿಗೆ ಒಂದು ಸುತ್ತೆಂದರೆ 40 ಮಿ.ಮೀ. ಅದೇ ಮೋಟಾರ್, ಅದೇ 600 ಸುತ್ತು, ವೇಗ ಸೆಕೆಂಡಿಗೆ 400 ಮಿ.ಮೀ. ಫೋಟೊ ಕೆತ್ತುವಾಗ ತಲೆ ಸಾವಿರಾರು ಸಾಲು ಓಡಬೇಕು. ಅಲ್ಲಿ ಈ ಐದು ಪಟ್ಟಿನ ವ್ಯತ್ಯಾಸವೆಂದರೆ ಬೆಳಗಿನ ಕೆಲಸ ಸಂಜೆಗೆ ಹೋಗುವಷ್ಟು.

ನಿಖರತೆಯಲ್ಲಿ ಬೆಲ್ಟ್ ಸೋಲುವುದಿಲ್ಲವೇ? ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ 3200. ಬೆಲ್ಟಿಗೆ ಹಂಚಿದರೆ ಒಂದು ಮಿ.ಮೀ.ಗೆ 80 ಹೆಜ್ಜೆ, ಅಂದರೆ ಒಂದೊಂದು ಹೆಜ್ಜೆ 0.0125 ಮಿ.ಮೀ. ಲೇಸರ್ ಕೊರೆಯುವ ಗೆರೆಯ ಅಗಲವೇ ಸುಮಾರು 0.1ರಿಂದ 0.2 ಮಿ.ಮೀ. ಸ್ಕ್ರೂ ಕೊಡುವ 400 ಹೆಜ್ಜೆಗಳ ಸೂಕ್ಷ್ಮತೆ ಆ ಗೆರೆಯೊಳಗೇ ಮುಚ್ಚಿಹೋಗುತ್ತದೆ. ಮೇಲಾಗಿ ಸಾದಾ ಹಿತ್ತಾಳೆ ನಟ್ಟು ದಿಕ್ಕು ಬದಲಿಸುವಾಗ ತುಸು ಆಡುತ್ತದೆ. ಬಾಲ್ ಸ್ಕ್ರೂ ಹಾಕಿದರೆ ಆಟ ಹೆಚ್ಚುಕಡಿಮೆ ಹೋಗುತ್ತದೆ. ಆದರೆ 1605 ನಮೂನೆಯದು ಸುತ್ತಿಗೆ 5 ಮಿ.ಮೀ. ಮಾತ್ರ ಸಾಗುತ್ತದೆ, ತೂಕವೂ ಬೆಲೆಯೂ ಹೆಚ್ಚು. ಅದರ ಜಾಗ ರೂಟರ್.

ಬೆಲ್ಟಿನ ದೋಷ ಹಿಗ್ಗುವುದು. ಅರ್ಧ ಮೀಟರಿನ ಆಸುಪಾಸಿನ ಓಟಕ್ಕೆ 6 ಮಿ.ಮೀ. ಅಗಲದ ಬೆಲ್ಟ್ ಸಾಕು, ಅದಕ್ಕೂ ಉದ್ದವಾದರೆ 9 ಅಥವಾ 10 ಮಿ.ಮೀ. ಅಗಲದ್ದು ಹಾಕಿ. ಒಳಗೆ ಉಕ್ಕಿನ ತಂತಿ ಇರುವ ಬೆಲ್ಟು ಸಣ್ಣ ಪುಲ್ಲಿಯಲ್ಲಿ ಬಾಗಿ ಬಾಗಿ ಬೇಗ ದಣಿಯುತ್ತದೆ; ಫೈಬರ್‌ಗ್ಲಾಸ್ ಎಳೆಯದೇ ಒಳ್ಳೆಯದು. ಬಿಗಿಯ ವಿಷಯದಲ್ಲಿ ಹಿಟ್ಟಿನ ಗಿರಣಿಯ ಪಟ್ಟಾ ಕಲಿಸುವ ಪಾಠವೇ ಇಲ್ಲಿಯೂ ನಡೆಯುತ್ತದೆ: ಸಡಿಲಾದರೆ ತಪ್ಪುತ್ತದೆ, ಅತಿ ಬಿಗಿದರೆ ಬೇರಿಂಗ್ ತಿನ್ನುತ್ತದೆ. ಎಂಟು ಅಡಿ ಪ್ಲೈ ಹಾಳೆಯಷ್ಟು ದೊಡ್ಡ ಮೇಜು ಕಟ್ಟುವವರು ಬೆಲ್ಟ್ ಬಿಟ್ಟು ಹಲ್ಲುಪಟ್ಟಿ ಮತ್ತು ಪಿನಿಯನ್ ಗೇರಿನ ದಾರಿ ಹಿಡಿಯಬೇಕು.

ಸ್ಕ್ರೂವಿಗೆ ಸರಿಯಾದ ಜಾಗವೊಂದಿದೆ: ಮೇಜನ್ನು ಮೇಲೆ ಕೆಳಗೆ ಮಾಡಿ ಫೋಕಸ್ ಹೊಂದಿಸುವ ಜಾಗ. ಅಲ್ಲಿ ಸುತ್ತಿಗೆ 2 ಮಿ.ಮೀ. ಸಾಗುವ ಸ್ಕ್ರೂ ಆರಿಸಿ. ಕರೆಂಟ್ ಹೋದರೂ ಮೇಜು ಇದ್ದಲ್ಲೇ ನಿಲ್ಲುತ್ತದೆ.

ಹಳಿ ಯಾವುದು?

ಬೆಲ್ಟ್ ಎಳೆಯುತ್ತದೆ, ದಾರಿ ತೋರಿಸುವುದು ಹಳಿ. ಬೇರೆ ಕಡೆ ಹಣ ಉಳಿಸಿ ಖರ್ಚು ಮಾಡಬೇಕಾದ ಜಾಗ ಇದೇ.

ಎರಡು ತುದಿಯಲ್ಲಷ್ಟೇ ಆಧಾರವಿರುವ ದುಂಡು ಸರಳು ಅಗ್ಗ, ಆದರೆ ನಡುವೆ ಬಾಗುತ್ತದೆ. 8 ಮಿ.ಮೀ. ದಪ್ಪದ, ಅರ್ಧ ಮೀಟರ್ ಉದ್ದದ ಉಕ್ಕಿನ ಸರಳಿನ ನಡುವೆ ಅರ್ಧ ಕಿಲೋ ಇಟ್ಟರೆ ಸುಮಾರು 0.3 ಮಿ.ಮೀ. ಇಳಿಯುತ್ತದೆ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ದಪ್ಪವನ್ನು 12 ಮಿ.ಮೀ.ಗೆ ಏರಿಸಿದರೆ ಬಾಗು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಪುಟ್ಟ ಯಂತ್ರಕ್ಕೆ ಇದು ನಡೆದೀತು.

ಅಲ್ಯೂಮಿನಿಯಂ ವಿ-ಸ್ಲಾಟ್ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಚಕ್ರ ಓಡಿಸುವುದು ಮೊದಲ ಯಂತ್ರಕ್ಕೆ ಹದವಾದ ಆಯ್ಕೆ. ಪಟ್ಟಿಯೇ ಚೌಕಟ್ಟು, ಪಟ್ಟಿಯೇ ಹಳಿ. ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ತುಸು ತಡೆದು ತಿರುಗಬೇಕು, ಹಾಗೆ ಎಕ್ಸೆಂಟ್ರಿಕ್ ನಟ್ಟನ್ನು ಹೊಂದಿಸಿ. ಅತಿ ಬಿಗಿದು ತಿಂಗಳುಗಟ್ಟಲೆ ನಿಲ್ಲಿಸಿದರೆ ಚಕ್ರ ಒಂದು ಕಡೆ ಚಪ್ಪಟೆಯಾಗುತ್ತದೆ. ಎರೆಮಣ್ಣಿನ ಧೂಳು, ಜಿನ್ನಿಂಗ್ ಗಿರಣಿಯ ಕಡೆಯಿಂದ ಹಾರಿಬರುವ ಅರಳೆಯ ಎಳೆ ಚಕ್ರಕ್ಕೆ ಸುತ್ತಿಕೊಳ್ಳುವ ಊರು ನಮ್ಮದು. ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ.

ಎಂಜಿಎನ್12 ಲೀನಿಯರ್ ರೈಲು ಮೂರರಲ್ಲಿ ಅತಿ ನಿಖರ. ಆದರೆ ಅದನ್ನು ಕೂಡಿಸುವ ಮೈ ಸಪಾಟಾಗಿರಬೇಕು. ಡೊಂಕು ಚೌಕಟ್ಟಿಗೆ ಬಿಗಿದರೆ ರೈಲೂ ಡೊಂಕಾಗುತ್ತದೆ. ಹೊಗೆಯ ಜಿಡ್ಡು ಕೂರದಂತೆ ಒರೆಸಿ ಎಣ್ಣೆ ಹಾಕುವುದನ್ನು ಮರೆಯಬಾರದು.

ಎರಡು ಬದಿ ಒಟ್ಟಿಗೆ ನಡೆಯಬೇಕು

ಹೆಚ್ಚಿನ ಯಂತ್ರಗಳಲ್ಲಿ ತಲೆ ಒಂದು ಅಡ್ಡತೊಲೆಯ ಮೇಲೆ ಓಡುತ್ತದೆ, ತೊಲೆ ಎರಡು ಹಳಿಗಳ ಮೇಲೆ ಹಿಂದೆ ಮುಂದೆ ಸಾಗುತ್ತದೆ. ತೊಲೆಯನ್ನು ಒಂದೇ ಬದಿಯಿಂದ ಎಳೆದರೆ ಇನ್ನೊಂದು ಬದಿ ಹಿಂದುಳಿಯುತ್ತದೆ. ಒಂದೇ ನೊಗದ ಎರಡು ಎತ್ತಿನಂತೆ ಎರಡೂ ಬದಿ ಹೆಜ್ಜೆ ಕೂಡಿಸಬೇಕು. ಅದಕ್ಕೆ ಒಂದು ಮೋಟಾರ್, ಎರಡೂ ಬದಿಯ ಪುಲ್ಲಿಗಳನ್ನು ಜೋಡಿಸುವ ಒಂದು ಉದ್ದ ದಂಡ ಇದ್ದರೆ ಸಾಕು. ಬದಿಗೊಂದರಂತೆ ಎರಡು ಮೋಟಾರ್ ಹಾಕಬಹುದು. ಆದರೆ ಕರೆಂಟ್ ಹೋದಾಗ ತೊಲೆಗೆ ಕೈ ತಗಲಿದರೆ ಎರಡೂ ಬೇರೆ ಬೇರೆ ಕಡೆ ನಿಲ್ಲುತ್ತವೆ. ಪದೇ ಪದೇ ಕರೆಂಟ್ ಹೋಗುವ ಕಡೆ ದಂಡವೇ ಮೇಲು. ಯಾವುದನ್ನೇ ಹಾಕಿದರೂ ಲಿಮಿಟ್ ಸ್ವಿಚ್ ಇರಲಿ: ಕರೆಂಟ್ ಬಂದ ಮೇಲೆ ಯಂತ್ರ ತನ್ನ ಮೂಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಕೋರ್‌ಎಕ್ಸ್‌ವೈ ಎಂಬ ವಿನ್ಯಾಸದಲ್ಲಿ ಎರಡೂ ಮೋಟಾರು ಚೌಕಟ್ಟಿನಲ್ಲೇ ಕೂರುತ್ತವೆ, ಓಡುವ ತೂಕ ಇನ್ನೂ ಕಡಿಮೆ. ಆದರೆ ಎರಡು ಉದ್ದ ಬೆಲ್ಟುಗಳ ಬಿಗಿ ಸಮನಾಗಿರಬೇಕು. ಎರಡನೇ ಯಂತ್ರಕ್ಕೆ ಅದು ಇರಲಿ.

ಡಯೋಡ್ ಬದಲು ಸಿಒ2 ಲೇಸರಿನ ಕೊಳವೆ ಹಾಕುವವರು ಚೌಕಟ್ಟಿನ ಬಗ್ಗೆ ಇನ್ನಷ್ಟು ಕಾಳಜಿ ವಹಿಸಬೇಕು. ಗಾಜಿನ ಕೊಳವೆ ನಿಂತಲ್ಲೇ ಇರುತ್ತದೆ. ಕಿರಣ ಮೂರು ಕನ್ನಡಿಗಳಿಂದ ತಿರುಗಿ ತಲೆಗೆ ಬರುತ್ತದೆ. ತೊಲೆ ಸಾಗುವಾಗ ಕನ್ನಡಿ 0.1 ಡಿಗ್ರಿ ವಾಲಿದರೆ ಕಿರಣ ಅದರ ಎರಡು ಪಟ್ಟು, 0.2 ಡಿಗ್ರಿ ತಿರುಗುತ್ತದೆ; ಅರ್ಧ ಮೀಟರ್ ದೂರದಲ್ಲಿ ಅದು ಸುಮಾರು 1.7 ಮಿ.ಮೀ. ಸರಿದಿರುತ್ತದೆ. ಹತ್ತಿರದ ಮೂಲೆಯಲ್ಲಿ ಚೆನ್ನಾಗಿ ಕತ್ತರಿಸಿ ದೂರದ ಮೂಲೆಯಲ್ಲಿ ಕತ್ತರಿಸದಿದ್ದರೆ ಕೊಳವೆಯನ್ನು ಬೈಯುವ ಮುಂಚೆ ಹಳಿ ನೋಡಿ.

ಸೊನ್ನೆಯ ಪರೀಕ್ಷೆ

ಚೌಕಟ್ಟು ಬಿಗಿಯುವಾಗ ಬಡಿಗೇರರು ಮಾಡುವಂತೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ಅವು ಸಮವಿರಬೇಕು. ಆಮೇಲೆ 3 ಮಿ.ಮೀ. ಪ್ಲೈ ಮೇಲೆ 50 ಮಿ.ಮೀ.ನ ಒಂದು ಸೊನ್ನೆ ಕತ್ತರಿಸಿ. ಬಿದ್ದ ಬಿಲ್ಲೆಯನ್ನು ವರ್ನಿಯರ್‌ನಿಂದ ನಾಲ್ಕು ದಿಕ್ಕಿನಲ್ಲಿ ಅಳೆಯಿರಿ: ಅಡ್ಡ, ಉದ್ದ, ಎರಡು ಓರೆ. 50ರ ಬದಲು 49.85 ಬಂದರೆ ಗಾಬರಿ ಬೇಡ, ಅದು ಗೆರೆ ಸುಟ್ಟ ಅಗಲ.

ಅಡ್ಡ ಅಳತೆಗೂ ಉದ್ದ ಅಳತೆಗೂ ವ್ಯತ್ಯಾಸ ಬಂದರೆ ಹೆಜ್ಜೆಗಳ ಲೆಕ್ಕ ತಪ್ಪಿದೆ. ಎರಡು ಓರೆಗಳ ನಡುವೆ 0.1 ಮಿ.ಮೀ. ವ್ಯತ್ಯಾಸವಿದ್ದರೆ ತೊಲೆ ಅರ್ಧ ಮೀಟರಿಗೆ 1 ಮಿ.ಮೀ. ಓರೆಯಾಗಿದೆ. ಸೊನ್ನೆಯ ಮೇಲೆ, ಕೆಳಗೆ, ಎಡ, ಬಲ ಈ ನಾಲ್ಕು ಕಡೆ ಸಣ್ಣ ಚಪ್ಪಟೆ ಅಥವಾ ಮೆಟ್ಟಿಲು ಕಂಡರೆ, ಮೋಟಾರ್ ದಿಕ್ಕು ಬದಲಿಸುವ ಜಾಗಗಳು ಅವೇ, ಎಲ್ಲೋ ಆಟವಿದೆ. ಬೆಲ್ಟ್ ಬದಲಿಸುವ ಮುಂಚೆ ಪುಲ್ಲಿಯನ್ನು ಮೋಟಾರ್ ದಂಡಕ್ಕೆ ಹಿಡಿದಿರುವ ಪುಟ್ಟ ಗ್ರಬ್ ಸ್ಕ್ರೂ ಬಿಗಿಯಾಗಿದೆಯೇ, ದಂಡದ ಚಪ್ಪಟೆ ಮೈ ಮೇಲೆ ಕೂತಿದೆಯೇ ನೋಡಿ. ಚೂಪು ತಿರುವಿನ ನಂತರ ಗೆರೆ ಅಲೆಯಂತೆ ನಡುಗಿದ್ದರೆ ಬೆಲ್ಟಿನ ಬಿಗಿ ನೋಡಿ, ಇಲ್ಲವೇ ವೇಗೋತ್ಕರ್ಷ ಇಳಿಸಿ.

ತಿರುವುಗಳಲ್ಲಿ ಮಾತ್ರ ಕಪ್ಪಾಗಿ ಸುಟ್ಟಿದ್ದರೆ ದೋಷ ಚಲನೆಯದಲ್ಲ. ತಲೆ ಅಲ್ಲಿ ನಿಧಾನವಾಗುತ್ತದೆ, ಕಿರಣ ಅಷ್ಟೇ ಉರಿಯುತ್ತಿರುತ್ತದೆ. ಯಂತ್ರವನ್ನು ನಡೆಸುವ ಜಿಆರ್‌ಬಿಎಲ್ 1.1 ತಂತ್ರಾಂಶದಲ್ಲಿ $32=1 ಮಾಡಿ ಎಂ4 ಆದೇಶ ಬಳಸಿದರೆ ವೇಗ ಇಳಿದಂತೆ ಕಿರಣದ ಬಲವೂ ಇಳಿಯುತ್ತದೆ. ಬಾಗುಗಳೇ ತುಂಬಿರುವ ಕನ್ನಡಕ್ಕೆ ಇದು ಬಿಡಲಾಗದ ಸೌಕರ್ಯ.

ಮೊದಲ ಸಲ ಲೇಸರ್ ಹಚ್ಚುವ ಮುಂಚೆ ಕಣ್ಣಿನ ಕಡೆ ಗಮನವಿರಲಿ. 450 ನ್ಯಾನೊಮೀಟರಿನ ನೀಲಿ ಡಯೋಡಿಗೆ ಒಂದು ಕನ್ನಡಕ, 10.6 ಮೈಕ್ರೊಮೀಟರಿನ ಸಿಒ2ಗೆ ಬೇರೆಯದೇ ಕನ್ನಡಕ. ಸಿಒ2 ಕೊಳವೆಯ ವಿದ್ಯುತ್ ಪ್ರಾಣ ತೆಗೆಯುವಂಥದ್ದು, ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯ. ಪಿವಿಸಿ ಹಾಳೆಯನ್ನು ಎಂದೂ ಸುಡಬೇಡಿ, ವಿಷದ ಹೊಗೆ ಬರುತ್ತದೆ. ಓಡುವ ಯಂತ್ರವನ್ನು ಬಿಟ್ಟು ಚಹಾಕ್ಕೆ ಹೋಗಬೇಡಿ.

ಒಟ್ಟು ಸಲಹೆ ಇಷ್ಟು: ಮೊದಲ ಯಂತ್ರ ಅರ್ಧ ಮೀಟರಿನ ಚೌಕ, ವಿ-ಸ್ಲಾಟ್ ಪಟ್ಟಿ, ಜಿಟಿ2 ಬೆಲ್ಟ್, ನೆಮಾ 17 ಮೋಟಾರು, ಎರಡು ಬದಿ ಕೂಡಿಸುವ ದಂಡ. ಸ್ಕ್ರೂವಿಗೆ ಹೋಗುತ್ತಿದ್ದ ಹಣವನ್ನು ಒಳ್ಳೆಯ ಚಕ್ರಕ್ಕೂ ವರ್ನಿಯರ್‌ಗೂ ಹಾಕಿ. ನಾಲ್ಕೂ ಅಳತೆ ಸರಿಬಂದ ಮೊದಲ ಬಿಲ್ಲೆಯನ್ನು ಯಂತ್ರದ ಪಕ್ಕದ ಮೊಳೆಗೆ ತೂಗುಹಾಕಿ. ತಿಂಗಳಿಗೊಮ್ಮೆ ಹೊಸ ಸೊನ್ನೆ ಕತ್ತರಿಸಿ ಅದರ ಮೇಲಿಟ್ಟು ನೋಡಿ. ಅಂಚಿಗೆ ಅಂಚು ಕೂಡಿದರೆ ಗಿರಾಕಿಯ ಹೆಸರನ್ನು ಧೈರ್ಯವಾಗಿ ಬರೆಯಬಹುದು.