ಅಂತರ ದಾಟುವ ಗೆಳೆತನದ ಚಲನಚಿತ್ರಗಳು: ನೋಡುವುದು ಹೇಗೆ, ನೋಡಿದ ಮೇಲೆ ಕೇಳುವುದೇನು?

ಬೇಸಿಗೆ ಶಿಬಿರಗಳ ಕಾಲ ಬಂತೆಂದರೆ ಧರ್ಮಕೇಂದ್ರಗಳ ಯುವ ಸಂಘಟನೆಗಳಿಂದಲೂ ಶಿಕ್ಷಕರಿಂದಲೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಮಕ್ಕಳಿಗೆ, ಯುವಕರಿಗೆ ಯಾವ ಸಿನಿಮಾ ತೋರಿಸಬಹುದು?” ಉತ್ತರವಾಗಿ ಬರುವ ಹೆಸರುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಬಿಳಿಯ ಮತ್ತು ಕರಿಯ, ಧನಿ ಮತ್ತು ಆಳು, ಮೇಲಿನ ಜಾತಿ ಮತ್ತು ಕೆಳಗಿನ ಜಾತಿ. ಎಂದೂ ಸೇರಬಾರದ ಇಬ್ಬರು ಹೇಗೋ ಸೇರಿ ಗೆಳೆಯರಾಗುವ ಕಥೆಗಳು. ಇವು ಮನಸ್ಸನ್ನು ಮೃದುಗೊಳಿಸುವ ಚಿತ್ರಗಳೇ. ಆದರೆ ಪರದೆ ಮಡಚಿಟ್ಟ ಮೇಲೆ ನಮ್ಮಲ್ಲಿ ಏನು ಉಳಿಯಿತು ಎಂಬುದು ಬೇರೆ ಮಾತು. ಆ ಮಾತನ್ನೇ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಇದನ್ನು ನಾವು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಜೊತೆ ಸೇರಿಸಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಅದು ಮುಂದೆ ತಿಳಿಯುತ್ತದೆ.

ಕಥೆಯ ಅಚ್ಚು

ಈ ಬಗೆಯ ಚಿತ್ರಗಳಿಗೆ ಒಂದು ಅಚ್ಚಿದೆ. ಮೊದಲನೆಯದಾಗಿ, ಇಬ್ಬರನ್ನೂ ಒಂದೆಡೆ ಕೂಡಿಸುವುದು ಪ್ರೀತಿಯಲ್ಲ, ಸಂಬಳ. 1989ರ ‘ಡ್ರೈವಿಂಗ್ ಮಿಸ್ ಡೈಸಿ’ ಚಿತ್ರದಲ್ಲಿ ಅಟ್ಲಾಂಟಾದ ವೃದ್ಧ ಯಹೂದಿ ಮಹಿಳೆ ಮತ್ತು ಆಕೆಯ ಕಪ್ಪು ವರ್ಣದ ಕಾರು ಚಾಲಕ. 2011ರ ಫ್ರೆಂಚ್ ಚಿತ್ರ ‘ಇನ್‌ಟಚಬಲ್ಸ್’ನಲ್ಲಿ ಕೈಕಾಲು ಸ್ವಾಧೀನವಿಲ್ಲದ ಶ್ರೀಮಂತ ಮತ್ತು ಅವನನ್ನು ನೋಡಿಕೊಳ್ಳಲು ಬಂದ ವಲಸೆ ಕುಟುಂಬದ ಯುವಕ, ಇದೇ ಕಥೆ 2016ರಲ್ಲಿ ತೆಲುಗಿನಲ್ಲಿ ‘ಊಪಿರಿ’, ತಮಿಳಿನಲ್ಲಿ ‘ತೋಳಾ’ ಆಗಿ ಬಂತು. 2018ರ ‘ಗ್ರೀನ್ ಬುಕ್’ನಲ್ಲಿ ಮಾತ್ರ ಸ್ಥಾನ ತಿರುಗುಮುರುಗು: ಧನಿ ಕಪ್ಪು ವರ್ಣದ ಪಿಯಾನೋ ವಾದಕ, ಚಾಲಕ ಬಿಳಿಯ.

ಎರಡನೆಯದಾಗಿ, ಇಬ್ಬರ ನಡುವೆ ಮೂರನೆಯದೊಂದು ವಸ್ತು ಇರುತ್ತದೆ. ಕಾರು, ಸಂಗೀತ, ಪುಸ್ತಕ, ಹೂವು ಹೀಗೆ ಯಾವುದಾದರೂ ಆಗಬಹುದು. ಒಬ್ಬರ ಮುಖ ಒಬ್ಬರು ನೋಡಲು ಸಂಕೋಚಪಡುವವರು ಆ ಮೂರನೆಯದನ್ನು ಒಟ್ಟಿಗೆ ನೋಡುತ್ತಾ ಹತ್ತಿರವಾಗುತ್ತಾರೆ. ಮೂರನೆಯದಾಗಿ, ಹೊರಗಿನ ಲೋಕ ಒಂದು ಪರೀಕ್ಷೆ ಒಡ್ಡುತ್ತದೆ. ಕೊನೆಗೆ ಮನಸ್ಸು ಬದಲಾಗುತ್ತದೆ. ಯಾರ ಮನಸ್ಸು? ಹೆಚ್ಚಾಗಿ ಬಲವುಳ್ಳವನದು. ಇನ್ನೊಬ್ಬನ ಕೆಲಸ ಅವನನ್ನು ಬದಲಾಯಿಸುವುದು.

‘ಡ್ರೈವಿಂಗ್ ಮಿಸ್ ಡೈಸಿ’ ಮತ್ತು ‘ಗ್ರೀನ್ ಬುಕ್’ ಎರಡಕ್ಕೂ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಎರಡರ ಮೇಲೂ ಒಂದೇ ಆಕ್ಷೇಪವೂ ಬಂತು: ಇವು ಬಿಳಿಯ ಪ್ರೇಕ್ಷಕರಿಗೆ ಸಮಾಧಾನ ಹೇಳುವ ಚಿತ್ರಗಳು ಎಂದು. ‘ಗ್ರೀನ್ ಬುಕ್’ ಬಿಡುಗಡೆಯಾದಾಗ ಪಿಯಾನೋ ವಾದಕ ಡಾನ್ ಶರ್ಲಿಯವರ ಸಂಬಂಧಿಕರೇ ಚಿತ್ರದ ಚಿತ್ರಣವನ್ನು ಒಪ್ಪಲಿಲ್ಲ. ಚಾಲಕನ ಮಗನೇ ಚಿತ್ರಕಥೆ ಬರೆದವರಲ್ಲಿ ಒಬ್ಬ. ಗೆಳೆತನದ ಕಥೆಯನ್ನು ಇಬ್ಬರಲ್ಲಿ ಒಬ್ಬರ ಮನೆಯವರು ಮಾತ್ರ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ನಮ್ಮದೇ ಭಾಷೆಯ ‘ಬೆಟ್ಟದ ಹೂವು’

ಕನ್ನಡದಲ್ಲಿ ಈ ವಿಷಯಕ್ಕೆ ತೀರಾ ಹತ್ತಿರವಾದ ಚಿತ್ರ 1985ರ ‘ಬೆಟ್ಟದ ಹೂವು’. ನಿರ್ದೇಶಕರು ಎನ್. ಲಕ್ಷ್ಮೀನಾರಾಯಣ್. ಅಮೆರಿಕದ ಲೇಖಕಿ ಶರ್ಲಿ ಅರೋರಾ ಬರೆದ ಮಕ್ಕಳ ಕಾದಂಬರಿಯೊಂದು ಇದಕ್ಕೆ ಮೂಲ. ರಾಮು ಎಂಬ ಬಡ ಹುಡುಗನ ಪಾತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. 2021ರಲ್ಲಿ ಅವರು ತೀರಿಕೊಂಡ ಮೇಲೆ ಈ ಚಿತ್ರವನ್ನು ಮತ್ತೆ ಹುಡುಕಿ ನೋಡಿದವರು ಬಹಳ ಮಂದಿ.

ಕಥೆ ಸರಳವಾದುದು. ಓದಿನಲ್ಲಿ ಚುರುಕಾದ ರಾಮು ಮನೆಯ ಬಡತನದಿಂದ ಶಾಲೆ ಬಿಡಬೇಕಾಗುತ್ತದೆ. ಬೆಟ್ಟದ ಹೂಗಳನ್ನು ಅಭ್ಯಾಸ ಮಾಡುವ ಶರ್ಲಿ ಎಂಬ ವಿದೇಶಿ ಮಹಿಳೆಗೆ ಅವನು ಕಾಡಿನಿಂದ ಸೀತಾಳೆ ಹೂಗಳನ್ನು ತಂದುಕೊಡುತ್ತಾನೆ. ಆಕೆ ಹಣ ಕೊಡುತ್ತಾಳೆ. ಆ ಹಣ ಕೂಡಿಸಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬುದು ಅವನ ಆಸೆ. ಕೊನೆಗೆ ಆ ಹಣದಿಂದ ಅವನು ಪುಸ್ತಕದ ಬದಲು ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ.

ಅಚ್ಚು ಅದೇ: ನಡುವೆ ಹಣವಿದೆ, ಮೂರನೆಯ ವಸ್ತುವಾಗಿ ಹೂವಿದೆ. ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಮೊದಲನೆಯದು, ಇಲ್ಲಿ ಹುಡುಗನಿಗೆ ಗೊತ್ತಿರುವುದು ಆ ವಿದ್ಯಾವಂತೆಗೆ ಗೊತ್ತಿಲ್ಲ. ಕಾಡಿನ ಯಾವ ಮರದಲ್ಲಿ ಯಾವ ಹೂವಿದೆ ಎಂದು ಆಕೆ ಅವನಿಂದ ತಿಳಿಯಬೇಕು. ಆದ್ದರಿಂದ ಅವನು ಬರಿಗೈಯಲ್ಲಿ ನಿಂತವನಲ್ಲ. ಎರಡನೆಯದು, ಪುಸ್ತಕವೋ ಕಂಬಳಿಯೋ ಎಂಬ ನಿರ್ಧಾರ ಅವನದೇ. ಆಕೆಯ ಒಳ್ಳೆಯತನ ಅವನ ಮನೆಯ ಚಳಿಯನ್ನು ಓಡಿಸುವುದಿಲ್ಲ. ಶಿಬಿರಗಳಲ್ಲಿ ಈ ಚಿತ್ರ ತೋರಿಸುವವರು “ರಾಮು ಎಷ್ಟು ಒಳ್ಳೆಯ ಹುಡುಗ” ಎಂಬಲ್ಲಿಗೆ ನಿಲ್ಲಿಸಿದರೆ ಚಿತ್ರ ಅರ್ಧ ನೋಡಿದಂತೆ. ಓದಬೇಕಾದ ಮಗು ಪುಸ್ತಕ ಮತ್ತು ಕಂಬಳಿಗಳಲ್ಲಿ ಒಂದನ್ನೇ ಆರಿಸಬೇಕಾಗಿ ಬಂದದ್ದು ಯಾಕೆ ಎಂದೂ ಕೇಳಬೇಕು.

ಸೋತ ಗೆಳೆತನಗಳು

ಕರಾವಳಿಯವರಾದ ನಮಗೆ ಇನ್ನೆರಡು ಚಿತ್ರಗಳು ಮುಖ್ಯ, ಏಕೆಂದರೆ ಅವು ನಮ್ಮ ನೆಲದವು, ಮತ್ತು ಅವುಗಳಲ್ಲಿ ಗೆಳೆತನ ಗೆಲ್ಲುವುದಿಲ್ಲ.

ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ತೆಗೆದ ‘ಚೋಮನ ದುಡಿ’ಗೆ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವೂ, ಚೋಮನ ಪಾತ್ರಧಾರಿ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂದವು. ದಲಿತನಾದ ಚೋಮನಿಗೆ ಸ್ವಂತ ಬೇಸಾಯ ಮಾಡುವ ಆಸೆ. ಧನಿ ಸಂಕಪ್ಪಯ್ಯ ಕೆಟ್ಟವನಲ್ಲ, ಅವನಿಗೆ ಕನಿಕರವಿದೆ. ಆದರೆ ತಾಯಿಯ ಮಾತನ್ನೂ ಜಾತಿಯ ಕಟ್ಟಳೆಯನ್ನೂ ಮೀರುವ ಧೈರ್ಯ ಆ ಕನಿಕರಕ್ಕಿಲ್ಲ. ಪಾದ್ರಿಗಳ ಕಡೆ ಹೋದರೆ ಭೂಮಿ ಸಿಗಬಹುದೆಂಬ ದಾರಿ ಚೋಮನ ಮುಂದಿದ್ದರೂ ತನ್ನ ದೈವವನ್ನು ಬಿಡಲು ಅವನ ಮನಸ್ಸು ಒಪ್ಪುವುದಿಲ್ಲ. ಅವನ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಬಾರದೆಂಬ ಕಾರಣಕ್ಕೆ ಕೈಚಾಚುವವರಿಲ್ಲ. ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದನ್ನು ಇದಕ್ಕಿಂತ ಕಟುವಾಗಿ ಹೇಳಿದ ಚಿತ್ರ ಸಿಗುವುದು ಕಷ್ಟ. ಚರ್ಚ್ ಸೇವೆಯಲ್ಲಿರುವ ನಾವು ಇದನ್ನು ನೋಡುವಾಗ ಇನ್ನೊಂದು ಪ್ರಶ್ನೆಯನ್ನೂ ಎದುರಿಸಬೇಕು: ನಾವು ಚಾಚುವ ಕೈಗೆ ಷರತ್ತು ಇದೆಯೇ?

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ವೈದೇಹಿಯವರ ಕಥೆಯಿಂದ ಹುಟ್ಟಿದ್ದು. ಕುಂದಾಪುರ ಕಡೆಯ ಮೀನುಗಾರರ ನಡುವೆ ಸೂಲಗಿತ್ತಿಯಾಗಿ ಬದುಕುವ ಮುಸ್ಲಿಂ ಮಹಿಳೆ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆಯೊಂದಕ್ಕೆ ಪ್ರತಿಯಾಗಿ ಅವಳ ಮನೆಗೆ ಬಣ್ಣದ ಟಿ.ವಿ. ಬರುತ್ತದೆ. ದೂರ ನಿಂತಿದ್ದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲು ದಾಟಿ ಒಳಗೆ ಕೂರುತ್ತಾರೆ. ಆದರೆ ಕಾರ್ಗಿಲ್ ಯುದ್ಧದ ದಿನಗಳಲ್ಲಿ, ಸಣ್ಣ ಮೀನುಗಾರರಿಗೂ ಯಾಂತ್ರಿಕ ದೋಣಿಗಳಿಗೂ ನಡುವಿನ ಹೊಟ್ಟೆಪಾಡಿನ ಜಗಳಕ್ಕೆ ಧರ್ಮದ ಬಣ್ಣ ಬಳಿದಾಗ ಅದೇ ಮನೆ ಖಾಲಿಯಾಗುತ್ತದೆ. ಗುಲಾಬಿಯ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಟಿ.ವಿ.ಯ ಮುಂದೆ ಒಟ್ಟಿಗೆ ಅತ್ತವರು ಅಂಗಳದಲ್ಲಿ ಒಟ್ಟಿಗೆ ನಿಲ್ಲಲಿಲ್ಲ. ಸಿನಿಮಾ ನೋಡುವ ನಮಗೂ ಇದು ಎಚ್ಚರಿಕೆ.

ರೋಣದ ಹುಡುಗ

ಈಗ ಗದಗದ ಕಡೆಗೆ ಬರೋಣ. ಪರದೆಯ ಮೇಲಿನ ಕಥೆಗಿಂತ ದೊಡ್ಡದಾದ ಒಂದು ನಿಜಕಥೆ ಅಲ್ಲಿದೆ.

ಪಂಡಿತ್ ಭೀಮಸೇನ ಜೋಶಿ 1922ರಲ್ಲಿ ರೋಣದಲ್ಲಿ ಹುಟ್ಟಿದರು. ಬ್ರಾಹ್ಮಣ ಶಿಕ್ಷಕರ ಮಗ. ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿದವರಂತೆ 11ನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟರು. ಎಲ್ಲೆಲ್ಲೋ ಅಲೆದು ಕೊನೆಗೆ ಮನೆಗೆ ಹತ್ತಿರದ ಕುಂದಗೋಳದಲ್ಲೇ ಗುರು ಸಿಕ್ಕರು: ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು. ಅಲ್ಲಿ ಅವರ ಸಹಪಾಠಿ ಗಂಗೂಬಾಯಿ ಹಾನಗಲ್. ಹಾಡುವ ಹೆಂಗಸರ ಮನೆತನವೆಂದು ಸಮಾಜ ಹೊರಗಿಟ್ಟಿದ್ದ ಕುಟುಂಬದಿಂದ ಬಂದ ಅವರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು.

ಮುಸ್ಲಿಂ ಉಸ್ತಾದ, ಬ್ರಾಹ್ಮಣ ಶಿಷ್ಯ, ಅವನ ಕೈಕೆಳಗೆ ರೋಣದ ಹುಡುಗ ಮತ್ತು ಹುಬ್ಬಳ್ಳಿಯ ಹೆಣ್ಣುಮಗಳು. ಇಲ್ಲಿ ಮೂರನೆಯ ವಸ್ತು ಸಂಗೀತ. ಆದರೆ ಚಲನಚಿತ್ರದಲ್ಲಿ ಎರಡು ಗಂಟೆಯಲ್ಲಿ ಆಗುವುದು ಇಲ್ಲಿ ಜೀವಮಾನವಿಡೀ ನಡೆಯಿತು, ಮತ್ತು ಯಾರೂ ಯಾರನ್ನೂ ಉದ್ಧಾರ ಮಾಡಲಿಲ್ಲ. ಎಲ್ಲರೂ ಒಂದೇ ಷಡ್ಜದ ಮುಂದೆ ಶಿಷ್ಯರಾಗಿದ್ದರು. ಭೀಮಸೇನರು 1966ರ ಕನ್ನಡ ಚಿತ್ರ ‘ಸಂಧ್ಯಾರಾಗ’ಕ್ಕೂ ಹಾಡಿದರು. ಅದೇ ಚಿತ್ರಕ್ಕೆ ಕರ್ನಾಟಕ ಸಂಗೀತದ ಬಾಲಮುರಳಿಕೃಷ್ಣ ಅವರೂ ಹಾಡಿದ್ದಾರೆ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು.

ಗದಗದ ವೀರೇಶ್ವರ ಪುಣ್ಯಾಶ್ರಮದ್ದೂ ಇದೇ ದಾರಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕರ್ನಾಟಕ ಸಂಗೀತದ ಜೊತೆಗೆ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಹಿಂದೂಸ್ತಾನಿಯನ್ನೂ ಕಲಿತು, ಅಂಧ ಮತ್ತು ಬಡ ಮಕ್ಕಳಿಗೆ ಜಾತಿ ಕೇಳದೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಅವರ ಬದುಕಿನ ಮೇಲೆ 1995ರಲ್ಲಿ ಬಂದ ಚಿತ್ರಕ್ಕೆ ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿಗಳು ಬಂದವು. ಧರ್ಮಕೇಂದ್ರಗಳಲ್ಲಿ ತೋರಿಸಲು ಇದೂ ಯೋಗ್ಯ ಚಿತ್ರ.

ನಮ್ಮ ನಡುವಿನ ಮೂರು ತಾಲೂಕುಗಳು

ಹಾಗಾದರೆ ರೋಣ, ನರಗುಂದ, ಗಜೇಂದ್ರಗಡ ಎಂದರೆ ಕರಾವಳಿಯ ನಮಗೆ ಮೊದಲು ನೆನಪಾಗುವುದು ಏನು? ಭೀಮಸೇನರಲ್ಲ, ಕೆಲಸದವರು. ಎರೆಭೂಮಿಯ ಆ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೊರಡುತ್ತಾರೆ. ಗೋವಾಕ್ಕೆ, ಮಂಗಳೂರಿಗೆ, ಉಡುಪಿಗೆ ಬರುತ್ತಾರೆ. ನಮ್ಮ ಮನೆಗಳ ಅಡಿಪಾಯ, ರಸ್ತೆಯ ಚರಂಡಿ, ಸಭಾಭವನಗಳ ಗೋಡೆ ಇವುಗಳಲ್ಲಿ ಅವರ ಬೆವರಿದೆ. ನಾವು ಅವರನ್ನು “ಘಟ್ಟದವರು” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. 2020ರ ಲಾಕ್‌ಡೌನ್ ದಿನಗಳಲ್ಲಿ ಊರಿಗೆ ಹೋಗಲಾಗದೆ ಅವರು ಗಂಟುಮೂಟೆಯೊಂದಿಗೆ ಸಿಕ್ಕಿಬಿದ್ದಾಗ ಮಾತ್ರ ಇಷ್ಟು ಮಂದಿ ನಮ್ಮ ನಡುವೆ ಇದ್ದರೇ ಎಂದು ಹಲವರಿಗೆ ಅನಿಸಿತು.

ಅವರೂ ಚರಿತ್ರೆಯುಳ್ಳ ಜನ. ನರಗುಂದದ ಬಾಬಾಸಾಹೇಬ ಭಾವೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದವರು. ಮಲಪ್ರಭಾ ಕಾಲುವೆಯ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಗುಂಡಿಗೆ ಎದೆಯೊಡ್ಡಿದರು, ಮತ್ತು ಕರ್ನಾಟಕದ ರೈತ ಚಳವಳಿಗೆ ಅಲ್ಲಿಂದಲೇ ಬಲ ಬಂತು. ಮಹದಾಯಿ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತದ್ದೂ ನರಗುಂದದವರೇ. ಗಜೇಂದ್ರಗಡ ಕೋಟೆಯ ಊರು, ನೇಕಾರರ ಊರು. ಪಕ್ಕದ ಸೂಡಿಯಲ್ಲಿ ಚಾಲುಕ್ಯರ ಕಾಲದ ದೇಗುಲ, ಬಾವಿಗಳಿವೆ.

ನಮ್ಮ ಕರಾವಳಿ ಕನ್ನಡವನ್ನು ಬೆಂಗಳೂರಿನ ಸಿನಿಮಾಗಳು ನಗೆಪಾಟಲು ಮಾಡಿದಾಗ ನಮಗೆ ನೋವಾಗುತ್ತದೆ. ಆದರೆ ನಮ್ಮ ವೇದಿಕೆಗಳ ಕಿರುನಾಟಕಗಳಲ್ಲಿ “ಹೌದ್ರೀ, ಬರ್ರೀ” ಎನ್ನುವ ಪಾತ್ರ ಬಂದರೆ ಅದು ಹೆಚ್ಚಾಗಿ ನಗಿಸಲೆಂದೇ ಬರುತ್ತದೆ. ಅದನ್ನು ನೋಡಿ ನಕ್ಕ ಮಕ್ಕಳೇ ಮರುದಿನ ‘ಗ್ರೀನ್ ಬುಕ್’ ನೋಡಿ ಕಣ್ಣೀರು ಒರೆಸಿಕೊಂಡರೆ ಆ ಕಣ್ಣೀರಿಗೆ ಬೆಲೆ ಎಷ್ಟು? ಅಮೆರಿಕದ ವರ್ಣಭೇದಕ್ಕೆ ಮರುಗುವುದು ಸುಲಭ, ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ. ಮನೆಯ ಮುಂದೆ ಗಾರೆ ಕಲಸುವವನಿಗೆ ನೀರು ಕೊಡುವ ಲೋಟ ಯಾವುದು ಎಂಬ ಪ್ರಶ್ನೆ ಬೇಡುತ್ತದೆ.

ತೋರಿಸುವವರಿಗೆ ಕೆಲವು ಮಾತು

ಚಿತ್ರ ಮುಗಿದ ಮೇಲೆ ದೀಪ ಹಾಕಿ ಎಲ್ಲರನ್ನೂ ಕಳುಹಿಸಿಬಿಡಬೇಡಿ. ಅರ್ಧ ಗಂಟೆಯಾದರೂ ಮಾತಿಗೆ ಉಳಿಸಿಕೊಳ್ಳಿ. ನಾಲ್ಕು ಪ್ರಶ್ನೆಗಳು ಸಾಕು. ಇಬ್ಬರಲ್ಲಿ ಯಾರ ಮನೆಯೊಳಗೆ ಕ್ಯಾಮರಾ ಹೋಯಿತು, ಯಾರ ಮನೆಗೆ ಹೋಗಲೇ ಇಲ್ಲ? ಗೆಳೆತನಕ್ಕಾಗಿ ಯಾರು ಏನನ್ನು ಕಳೆದುಕೊಂಡರು? ಕಥೆ ಮುಗಿದಾಗ ಒಬ್ಬನ ಮನಸ್ಸು ಬದಲಾಯಿತು, ಇನ್ನೊಬ್ಬನ ಬದುಕು ಬದಲಾಯಿತೇ? ಇದೇ ಕಥೆಯನ್ನು ಆ ಇನ್ನೊಬ್ಬನು ಹೇಳಿದ್ದರೆ ಹೇಗಿರುತ್ತಿತ್ತು?

ಮತ್ತೊಂದು ಸಲಹೆ. ಚಿತ್ರಪ್ರದರ್ಶನಕ್ಕೆ ಕರೆಯುವಾಗ ನಮ್ಮ ವಾರ್ಡಿನಲ್ಲಿ ಕೆಲಸಕ್ಕೆ ಬಂದಿರುವ ಗದಗ, ಬಾಗಲಕೋಟೆ, ಕೊಪ್ಪಳ ಕಡೆಯ ಕುಟುಂಬಗಳನ್ನೂ ಕರೆಯಬಹುದು. ಹಾಗೆ ಕರೆದರೆ ಹಿಂದೆ ಚಾಪೆ ಹಾಸಬೇಡಿ. ಎಲ್ಲರಿಗೂ ಕುರ್ಚಿಯಾದರೆ ಅವರಿಗೂ ಕುರ್ಚಿ. ಮಾತಿನ ಸರದಿ ಬಂದಾಗ ಅವರಿಗೂ ಅವಕಾಶವಿರಲಿ. ರೋಣದ ಒಬ್ಬ ತಾಯಿ ‘ಬೆಟ್ಟದ ಹೂವು’ ನೋಡಿ ಕಂಬಳಿಯ ವಿಷಯ ಏನು ಹೇಳುತ್ತಾಳೆ ಎಂಬುದನ್ನು ನಮ್ಮ ಮಕ್ಕಳು ಕೇಳಲಿ. ಅವರ ಊರಿನ ಹೆಸರು, ಮಕ್ಕಳ ಹೆಸರು, ಆ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದಾರೆ ಎಂಬುದನ್ನು ಕೇಳಿ ತಿಳಿಯಲಿ. ಶಾಲೆಗೆ ಹೋಗುತ್ತಿಲ್ಲವೆಂದು ತಿಳಿದುಬಂದರೆ ಹತ್ತಿರದ ಸರಕಾರಿ ಶಾಲೆಗೋ ನಮ್ಮದೇ ಶಾಲೆಗೋ ಸೇರಿಸುವ ಕೆಲಸ ಮರುದಿನವೇ ಆರಂಭವಾಗಬಹುದು. ಆ ಕೆಲಸಕ್ಕೆ ಸಿನಿಮಾ ನೆಪವಾದರೆ ಸಾಕು.