ಬೇಗ ಬೆಳೆಯೋ ಮೀನಿಗೆ ಉಸಿರೂ ಜಾಸ್ತಿ ಬೇಕು

'ಜಿಎಂ ಮೀನುಮರಿ, ಡಬಲ್ ಬೆಳವಣಿಗೆ' ಅಂತ ವಾಟ್ಸ್‌ಆ್ಯಪ್‌ನಲ್ಲಿ ಯಾರಾದ್ರೂ ಕಳಿಸಿದ್ರೆ ಅಡ್ವಾನ್ಸ್ ಹಾಕ್ಬೇಡಿ. ಜೀನ್ ಬದಲಿಸಿದ ಯಾವ ಮೀನನ್ನೂ ಸಾಕೋಕೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ.

ಅಂಥ ಮೀನು ಇರೋದು ನಿಜ. ಅಮೆರಿಕ 2015ರಲ್ಲಿ ಒಪ್ಪಿದ ಅಕ್ವಾಅಡ್ವಾಂಟೇಜ್ ಸಾಲ್ಮನ್‌ಗೆ ಇನ್ನೊಂದು ಜಾತಿಯ ಸಾಲ್ಮನ್‌ನಿಂದ ಬೆಳವಣಿಗೆ ಹಾರ್ಮೋನಿನ ಜೀನ್ ಸೇರಿಸಿದ್ದಾರೆ. ಮಾಮೂಲಿ ಸಾಲ್ಮನ್ ಚಳಿಗಾಲದಲ್ಲಿ ಬೆಳೆಯೋದು ನಿಧಾನ. ಇದರಲ್ಲಿ ಹಾರ್ಮೋನು ವರ್ಷಪೂರ್ತಿ ಚಾಲೂ. ಮೂರು ವರ್ಷದ ಬೆಳವಣಿಗೆ ಸುಮಾರು ಒಂದೂವರೆ ವರ್ಷಕ್ಕೇ ಮುಗಿಯುತ್ತೆ. ಆದ್ರೆ ಹೊಟ್ಟೆಗೆ ಜಾಸ್ತಿ ಬೇಕು, ಉಸಿರಾಡೋಕೆ ಆಮ್ಲಜನಕವೂ ಜಾಸ್ತಿ ಬೇಕು. ಆ ಕಂಪನಿ 2024ರ ಕೊನೆಗೆ ಸಾಕಣೆಯನ್ನೇ ನಿಲ್ಲಿಸಿತು.

ನಮಗೆ ಸಿಗೋ ಸುಧಾರಿತ ತಳಿಗಳ ಕಥೆ ಬೇರೆ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಸಿಫಾ 1997ರಲ್ಲಿ ಕೊಟ್ಟ 'ಜಯಂತಿ' ರೋಹು ಜಿಎಂ ಅಲ್ಲ. ಚೆನ್ನಾಗಿ ಬೆಳೆದ ಮೀನುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಮರಿ ಮಾಡಿಸಿದ್ದು, ನಾವು ರಾಗಿ ಬಿತ್ತನೆಗೆ ಒಳ್ಳೆ ತೆನೆ ಎತ್ತಿಡೋ ಹಾಗೆ. ಅಮೂರ್ ಗೆಂಡೆಯೂ ಜಿಎಂ ಅಲ್ಲ. ನಮ್ಮ ಹಳೇ ಸಾಮಾನ್ಯ ಗೆಂಡೆ ಚಿಕ್ಕದಿರುವಾಗಲೇ ಮೊಟ್ಟೆ ಕಟ್ಟುತ್ತೆ. ನೀವು ಹಾಕಿದ ಹಿಂಡಿ, ತೌಡು ಮೈಗೆ ಹತ್ತೋ ಬದಲು ಮೊಟ್ಟೆಗೆ ಹೋಗುತ್ತೆ. ಅಮೂರ್ ತಡವಾಗಿ ಬಲಿಯೋದ್ರಿಂದ ತಿಂದದ್ದು ಮಾಂಸವಾಗುತ್ತೆ. ಲಾಭ ಇರೋದೇ ಅಲ್ಲಿ.

ಆದ್ರೆ ಯಾವ ತಳಿಯಾದ್ರೂ ತಿಂದದ್ದು ಮೈಗೂಡೋಕೆ ಆಮ್ಲಜನಕ ಬೇಕೇ ಬೇಕು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಷ್ಟ ಬರೋದು ಬೇಸಿಗೆಯಲ್ಲಿ, ನಾಲೆ ನೀರು ನಿಂತು ಹೊಂಡ ತಗ್ಗಿದಾಗ. ನೀರು ಕಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕ ಕಮ್ಮಿ, ಮೀನಿಗೆ ಬೇಕಾಗೋದು ಜಾಸ್ತಿ. ನಮ್ಮ ಸಾವಯವದವರು ಕೆಲವರು ಸಗಣಿ ಎಷ್ಟು ಸುರಿದ್ರೂ ಒಳ್ಳೇದೇ ಅಂದ್ಕೋತಾರೆ. ಅದು ಜಾಸ್ತಿಯಾದ್ರೆ ನೀರು ದಟ್ಟ ಹಸಿರಾಗಿ, ಆ ಪಾಚಿಯೇ ರಾತ್ರಿಯೆಲ್ಲ ಮೀನಿನ ಉಸಿರಿಗೆ ಪಾಲು ಕೇಳುತ್ತೆ.

ಹಾಗಾಗಿ ಮರಿ ತರೋ ಮುಂಚೆ ಒಂದು ವಾರ ಬೆಳಗಿನ ಜಾವ ಐದಕ್ಕೆದ್ದು ಹೊಂಡ ನೋಡಿ. ಇರೋ ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಆವತ್ತು ತಿಂಡಿ, ಸಗಣಿ ಎರಡೂ ಬೇಡ. ಹೊಸ ನೀರು ಬಿಡಿ. ಇಲ್ಲದಿದ್ರೆ ಅದೇ ಹೊಂಡದ ನೀರನ್ನು ಪಂಪಿನಿಂದ ಎತ್ತಿ ಮೇಲಿಂದ ಚಿಮ್ಮಿಸಿ. ಕಿಟ್ ಇದ್ರೆ ಅದೇ ಹೊತ್ತಲ್ಲಿ ಅಳೆಯಿರಿ, ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ರೆ ಸಲೀಸು. ಮಧ್ಯಾಹ್ನದ ಲೆಕ್ಕ ನಂಬ್ಬೇಡಿ, ಆಗ ಎಲ್ಲ ಹೊಂಡವೂ ಚೆನ್ನಾಗೇ ಕಾಣುತ್ತೆ.

ಮರಿ ಬೇಕಾದ್ರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ. ಯಾವ ತಳಿ, ಎಲ್ಲಿ ಮರಿ ಮಾಡಿಸಿದ್ದು ಅಂತ ರಸೀದಿಯಲ್ಲೇ ಬರೆಸ್ಕೊಳ್ಳಿ.